ಇಂಟರ್ನೆಟ್ ಫೋನ್‌ಗೆ ಬದಲಾಗುವ ಮುನ್ನ ಬ್ಯಾಟರಿಯ ಲೆಕ್ಕ ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಮೈಸೂರು ಮತ್ತು ಮಂಡ್ಯದ ನರ್ಸಿಂಗ್ ಹೋಮ್‌ಗಳು, ಸಹಕಾರ ಬ್ಯಾಂಕುಗಳು, ಕಾಲೇಜುಗಳು, ವಸತಿಗೃಹಗಳು ಕಟ್ಟಡದೊಳಗಿನ ಫೋನುಗಳನ್ನು ಜೋಡಿಸುವ ತಮ್ಮ ಹಳೆಯ ಇಪಿಎಬಿಎಕ್ಸ್ ಪೆಟ್ಟಿಗೆಗಳನ್ನು ಒಂದೊಂದಾಗಿ ಕಳಚಿ, ಇಂಟರ್ನೆಟ್ ಮೂಲಕ ನಡೆಯುವ ದೂರವಾಣಿ ವ್ಯವಸ್ಥೆಗೆ ಬದಲಾಗುತ್ತಿವೆ. ಬಹಳ ವರ್ಷಗಳಿಂದ ಈ ಎರಡು ಜಿಲ್ಲೆಗಳಲ್ಲಿ ಇಂಟರ್‌ಕಾಮ್ ಮತ್ತು ದೂರವಾಣಿ ಜೋಡಣೆಯ ಕೆಲಸವನ್ನೇ ನಂಬಿಕೊಂಡು ಬಂದಿರುವ ನಾನು ಈ ಬದಲಾವಣೆಯನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ದರಪಟ್ಟಿ ಕೇಳುವಾಗ ಫೋನ್ ಉಪಕರಣದ ಬೆಲೆ ಎಷ್ಟು, ತಿಂಗಳ ಬಾಡಿಗೆ ಎಷ್ಟು, ಎಷ್ಟು ಕರೆ ಉಚಿತ ಎಂದು ವಿಚಾರಿಸುವ ಸಂಸ್ಥೆಗಳಲ್ಲಿ ಹೆಚ್ಚಿನವು, ವಿದ್ಯುತ್ ಹೋದ ಮೇಲೆ ಈ ಫೋನ್ ಎಷ್ಟು ಹೊತ್ತು ನಡೆಯುತ್ತದೆ ಎಂದು ಮಾತ್ರ ಕೇಳುವುದಿಲ್ಲ. ಅಂಗಡಿ ಮುಂಗಟ್ಟಿಗೆ ಇದು ಸಣ್ಣ ಸಂಗತಿ ಇರಬಹುದು. ಆಸ್ಪತ್ರೆಗೆ, ರಕ್ತನಿಧಿಗೆ, ಸಾರ್ವಜನಿಕ ಕಚೇರಿಗೆ ಇದು ಮೊದಲ ಪ್ರಶ್ನೆಯಾಗಬೇಕು ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಹೊಸ ವ್ಯವಸ್ಥೆಯ ಗುಣವನ್ನು ಮೊದಲು ಹೇಳಿಬಿಡುವುದು ನ್ಯಾಯ. ಹಳೆಯ ಇಪಿಎಬಿಎಕ್ಸ್‌ನಲ್ಲಿ ಎಂಟು ಎಕ್ಸ್‌ಟೆನ್ಷನ್‌ಗಳ ಕಾರ್ಡು ತುಂಬಿದ ಮೇಲೆ ಒಂಬತ್ತನೆಯ ಫೋನಿಗಾಗಿ ಇನ್ನೊಂದು ಕಾರ್ಡು ಕೊಳ್ಳಬೇಕಿತ್ತು, ಅದಕ್ಕೆಂದೇ ಗೋಡೆಯುದ್ದಕ್ಕೂ ಹೊಸ ತಂತಿ ಎಳೆಯಬೇಕಿತ್ತು. ಈಗ ಕಂಪ್ಯೂಟರಿಗೆ ಹೋಗುವ ಕೇಬಲ್ಲಿನಲ್ಲೇ ಫೋನೂ ಕೂರುತ್ತದೆ. ಸಯ್ಯಾಜಿರಾವ್ ರಸ್ತೆಯ ಸೀರೆ ಅಂಗಡಿಯವರು ಮಂಡ್ಯದ ತಮ್ಮ ಶಾಖೆಯನ್ನು ಮೂರಂಕಿ ಒತ್ತಿ ಮಾತನಾಡಿಸಬಹುದು. 2020ರ ಲಾಕ್‌ಡೌನ್ ಕಾಲದಲ್ಲಿ ಕಚೇರಿಗೆ ಬೀಗ ಬಿದ್ದಿದ್ದರೂ ಕಚೇರಿಯ ನಂಬರಿಗೆ ಬಂದ ಕರೆಯನ್ನು ಸಿಬ್ಬಂದಿ ಮನೆಯಲ್ಲಿ ಕುಳಿತೇ ಎತ್ತಲು ಸಾಧ್ಯವಾದದ್ದು ಇದೇ ತಂತ್ರಜ್ಞಾನದಿಂದ. ಯಾವ ಕರೆ ಯಾವಾಗ ಬಂತು, ಎಷ್ಟು ಹೊತ್ತು ಯಾರೂ ಎತ್ತದೆ ರಿಂಗಾಯಿತು ಎಂಬ ದಾಖಲೆ ಸಿಗುವುದರಿಂದ, ಸಾರ್ವಜನಿಕರ ಕರೆಗೆ ಉತ್ತರಿಸದ ಕಚೇರಿಯನ್ನು ಹಿರಿಯ ಅಧಿಕಾರಿಗಳು ಪ್ರಶ್ನಿಸಲೂ ಅವಕಾಶವಿದೆ. ಇಷ್ಟು ಅನುಕೂಲವಿರುವುದನ್ನು ಬೇಡವೆನ್ನಲು ಕಾರಣವೇ ಇಲ್ಲ.

ಹಾಗಿದ್ದರೂ ಕೈಬಿಟ್ಟು ಹೋಗುತ್ತಿರುವುದೇನು ಎಂಬುದನ್ನು ತಿಳಿಯಬೇಕಾದರೆ ತಾಮ್ರದ ತಂತಿಯ ಕಥೆ ಸ್ವಲ್ಪ ಗೊತ್ತಿರಬೇಕು. ಹಳೆಯ ಲ್ಯಾಂಡ್‌ಲೈನ್ ಫೋನಿಗೆ ಗೋಡೆಯ ಪ್ಲಗ್ ಬೇಕಿರಲಿಲ್ಲ. ದೂರವಾಣಿ ವಿನಿಮಯ ಕೇಂದ್ರದ, ಅಂದರೆ ಎಕ್ಸ್‌ಚೇಂಜಿನ, ಬ್ಯಾಟರಿಗಳಿಂದ ಹೊರಟ 48 ವೋಲ್ಟ್ ನೇರ ವಿದ್ಯುತ್ತು ಅದೇ ಎರಡು ಎಳೆ ತಂತಿಯಲ್ಲಿ ಮನೆಯವರೆಗೆ ಬರುತ್ತಿತ್ತು, ಕರೆಗಂಟೆ ಬಾರಿಸುವ ವಿದ್ಯುತ್ತೂ ಅಲ್ಲಿಂದಲೇ ಬರುತ್ತಿತ್ತು. ಊರಿಗೆ ಊರೇ ಕತ್ತಲಾದರೂ ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆ ಮತ್ತು ಅದರ ಹಿಂದಿನ ಡೀಸೆಲ್ ಎಂಜಿನ್ ನಡೆಯುತ್ತಿದ್ದಷ್ಟು ಹೊತ್ತು ರಿಸೀವರ್ ಎತ್ತಿದರೆ ಡಯಲ್ ಟೋನ್ ಕೇಳಿಸುತ್ತಿತ್ತು. ಕಚೇರಿಯ ಹಳೆಯ ಇಪಿಎಬಿಎಕ್ಸ್‌ಗೂ ವಿದ್ಯುತ್ತು ಬೇಕಿತ್ತು ಎಂಬುದು ನಿಜ. ಆದರೆ ಪೆಟ್ಟಿಗೆಗೆ ವಿದ್ಯುತ್ತು ನಿಂತ ಕ್ಷಣವೇ ಹೊರಗಿನ ಲೈನನ್ನು ಆಯ್ದ ಒಂದೆರಡು ಫೋನುಗಳಿಗೆ ನೇರವಾಗಿ ಸೇರಿಸಿಬಿಡುವ ರಿಲೇ ಅನೇಕ ಪೆಟ್ಟಿಗೆಗಳೊಳಗೆ ಇರುತ್ತಿತ್ತು. ಇಡೀ ಕಟ್ಟಡದ ಇಂಟರ್‌ಕಾಮ್ ಸತ್ತರೂ ರಿಸೆಪ್ಷನ್ ಮೇಜಿನ ಫೋನು ಊರಿನೊಂದಿಗೆ ಮಾತಾಡುತ್ತಿತ್ತು.

ಹೊಸ ಫೋನಿಗೆ ಬೇಕಾದ ಇಂಟರ್ನೆಟ್ ಈಗ ಹೆಚ್ಚಾಗಿ ಬರುವುದು ಫೈಬರ್‌ನಲ್ಲಿ, ಅದರಲ್ಲಿ ಹರಿಯುವುದು ಬೆಳಕು. ಅದು ಗಾಜಿನ ಎಳೆ, ಅದರಲ್ಲಿ ವಿದ್ಯುತ್ತನ್ನು ಕಳುಹಿಸಲಾಗದು. ಆದ್ದರಿಂದ ಫೈಬರ್ ಬಂದು ಮುಟ್ಟುವ ಒಎನ್‌ಟಿ ಪೆಟ್ಟಿಗೆ, ಅದರ ಪಕ್ಕದ ರೂಟರ್, ಮಹಡಿ ಮಹಡಿಯಲ್ಲಿ ಕೇಬಲ್ಲುಗಳನ್ನು ಕೂಡಿಸುವ ನೆಟ್‌ವರ್ಕ್ ಸ್ವಿಚ್, ಕರೆ ಹಂಚುವ ಸರ್ವರ್, ಕೊನೆಗೆ ಮೇಜಿನ ಮೇಲಿನ ಫೋನು, ಇವೆಲ್ಲಕ್ಕೂ ಕಟ್ಟಡದ ಮಾಲೀಕರೇ ವಿದ್ಯುತ್ತು ಒದಗಿಸಬೇಕು. ಎಕ್ಸ್‌ಚೇಂಜಿನ ಹೊಣೆಯಾಗಿದ್ದದ್ದು ಹೀಗೆ ಸದ್ದಿಲ್ಲದೆ ಗ್ರಾಹಕನ ಹೊಣೆಯಾಗಿದೆ, ಮತ್ತು ಗ್ರಾಹಕನಿಗೆ ಈ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ. ಕೊಂಡಿಯಲ್ಲಿ ಯಾವುದಾದರೂ ಒಂದು ಪೆಟ್ಟಿಗೆಗೆ ವಿದ್ಯುತ್ತು ತಪ್ಪಿದರೂ ಉಳಿದವೆಲ್ಲ ಇದ್ದೂ ಇಲ್ಲದಂತೆ.

ಮೈಸೂರಿನ ಒಂದು ನರ್ಸಿಂಗ್ ಹೋಮ್‌ನಲ್ಲಿ ನಾನೇ ಕಂಡದ್ದನ್ನು ಹೇಳುತ್ತೇನೆ. ಹೊಸ ಫೋನುಗಳನ್ನು ಬೇರೊಬ್ಬರು ಹಾಕಿದ್ದರು, ದೂರು ಬಂದ ಮೇಲೆ ನನ್ನನ್ನು ಕರೆದಿದ್ದರು. ಬೇಸಿಗೆಯ ಒಂದು ಸಂಜೆ ಗಾಳಿ ಮಳೆಗೆ ಮರ ಬಿದ್ದು ಬಡಾವಣೆಯ ವಿದ್ಯುತ್ತು ಹೋಗಿತ್ತು. ಜನರೇಟರ್ ಇತ್ತು, ಅದು ಚೆನ್ನಾಗಿಯೇ ಕೆಲಸ ಮಾಡಿತು. ಶಸ್ತ್ರಚಿಕಿತ್ಸೆಯ ಕೊಠಡಿ, ವಾರ್ಡಿನ ದೀಪ, ಲಿಫ್ಟು ಎಲ್ಲವೂ ಅದರ ಲೈನಿನಲ್ಲಿದ್ದವು. ನೆಟ್‌ವರ್ಕ್ ಪೆಟ್ಟಿಗೆಗಳಿದ್ದ ಬೀರು ಮಾತ್ರ ನೆಲಮಹಡಿಯಲ್ಲಿ ದಾಖಲೆ ಕೋಣೆಯ ಮೂಲೆಯಲ್ಲಿದ್ದು, ಆ ಕೋಣೆಯ ಪ್ಲಗ್ ಮಾಮೂಲಿ ಲೈನಿನಲ್ಲಿತ್ತು. ಮೂರನೆಯ ಮಹಡಿಯ ಸಿಸ್ಟರ್ ರಕ್ತ ತರಿಸುವ ಸಲುವಾಗಿ ಇಂಟರ್‌ಕಾಮ್ ಎತ್ತಿದರೆ ಅದರಲ್ಲಿ ಜೀವವೇ ಇರಲಿಲ್ಲ. ಅವರು ಮೆಟ್ಟಿಲಿಳಿದು ಓಡಬೇಕಾಯಿತು. ಹೊರಗಿನಿಂದ ಕರೆ ಮಾಡುತ್ತಿದ್ದ ರೋಗಿಯ ಮನೆಯವರಿಗೂ ಸಂಪರ್ಕ ಸಿಗಲಿಲ್ಲ. ದೇವರ ದಯೆಯಿಂದ ಅಂದು ಯಾರಿಗೂ ಅಪಾಯವಾಗಲಿಲ್ಲ.

ಬೀರುವನ್ನು ಜನರೇಟರ್ ಲೈನಿಗೆ ಬದಲಾಯಿಸಿದರೆ ಸಮಸ್ಯೆ ಮುಗಿಯಿತು ಎಂದು ಆಡಳಿತದವರು ಭಾವಿಸಿದ್ದರು. ಮುಗಿಯುವುದಿಲ್ಲ. ವಿದ್ಯುತ್ತು ಹೋಗಿ ಜನರೇಟರ್ ಹತ್ತಿಕೊಳ್ಳುವವರೆಗೆ ಕೆಲವು ಸೆಕೆಂಡುಗಳ ಅಂತರ ಇದ್ದೇ ಇರುತ್ತದೆ. ಬಲ್ಬಿಗೆ ಅದು ಕಣ್ಣು ಮಿಟುಕಿಸಿದಷ್ಟೇ ಹೊತ್ತು. ನೆಟ್‌ವರ್ಕ್ ಉಪಕರಣಗಳಾದರೋ ಒಮ್ಮೆ ಆರಿದರೆ ಮೊದಲಿನಿಂದ ಏಳಬೇಕು. ಒಎನ್‌ಟಿ ಎದ್ದು ಬೆಳಕಿನ ಸಂಕೇತ ಹಿಡಿಯಬೇಕು, ರೂಟರ್ ಸಂಪರ್ಕ ಪಡೆಯಬೇಕು, ಸ್ವಿಚ್ ತನ್ನ ತಪಾಸಣೆ ಮುಗಿಸಿ ಫೋನುಗಳಿಗೆ ವಿದ್ಯುತ್ತು ಕೊಡಬೇಕು, ಪ್ರತಿಯೊಂದು ಫೋನೂ ಎದ್ದು ಸರ್ವರಿನಲ್ಲಿ ತನ್ನ ಹೆಸರು ನೋಂದಾಯಿಸಿಕೊಳ್ಳಬೇಕು. ಹೀಗೆ ಕೆಲವು ಸೆಕೆಂಡಿನ ಕತ್ತಲು ಹಲವು ನಿಮಿಷಗಳ ಮೌನವಾಗುತ್ತದೆ. ಜನರೇಟರ್ ಎಷ್ಟೇ ದೊಡ್ಡದಿರಲಿ, ಈ ಅಂತರವನ್ನು ತುಂಬಲು ನಡುವೆ ಬ್ಯಾಟರಿ ಇರಲೇಬೇಕು.

ಬ್ಯಾಟರಿಯ ಖರ್ಚು ಭಾರಿ ಎಂದು ಹೆದರಬೇಕಿಲ್ಲ, ಲೆಕ್ಕ ಇಲ್ಲಿದೆ. ಮೇಜಿನ ಫೋನೊಂದು ಸುಮಾರು ನಾಲ್ಕು ವಾಟ್ ವಿದ್ಯುತ್ತು ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಇಪ್ಪತ್ತು ಫೋನಿಗೆ 80 ವಾಟ್. ಸ್ವಿಚ್, ಒಎನ್‌ಟಿ, ರೂಟರ್ ಮತ್ತು ಸಣ್ಣ ಸರ್ವರ್ ಸೇರಿ ಇನ್ನು 70 ವಾಟ್ ಎಂದರೂ ಒಟ್ಟು 150 ವಾಟ್. ಮನೆಯ ಇನ್ವರ್ಟರಿಗೆ ಹಾಕುವ 12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವಾಟ್ ಅವರ್ ಇರುತ್ತದೆ. ನಷ್ಟವನ್ನು ಕಳೆದು, ಪೂರ್ತಿ ಬರಿದಾಗಿಸದೆ ಬಳಸಿದರೂ ಆರೇಳು ಗಂಟೆ ಇಡೀ ಕಟ್ಟಡದ ಫೋನು ನಡೆಯುತ್ತದೆ. ಫೋನುಗಳಿಗೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ವಿದ್ಯುತ್ತು ಕಳುಹಿಸುವ ಸ್ವಿಚ್ಚುಗಳು ಬಂದಿವೆ. 2003ರಲ್ಲಿ ರೂಪುಗೊಂಡ ಅದರ ಮಾನದಂಡದಲ್ಲೂ ಬಳಕೆಯಾಗುವುದು ಸುಮಾರು 48 ವೋಲ್ಟೇ, ಅಂದರೆ ಹಳೆಯ ಎಕ್ಸ್‌ಚೇಂಜಿನ ಅದೇ ವೋಲ್ಟೇಜು. ಇಂಥ ಸ್ವಿಚ್ ಇದ್ದರೆ ಪ್ರತಿ ಮೇಜಿನ ಕೆಳಗೂ ಅಡಾಪ್ಟರ್ ಹುಡುಕಿ ಯುಪಿಎಸ್ ಕೊಡುವ ಕೆಲಸ ತಪ್ಪುತ್ತದೆ, ಬ್ಯಾಟರಿಯನ್ನು ಒಂದೇ ಕಡೆ ಇಟ್ಟರೆ ಸಾಕು. ಕಡಿಮೆ ದರ ತೋರಿಸಲೆಂದು ಈ ಸ್ವಿಚ್ಚನ್ನೂ ಬ್ಯಾಟರಿಯನ್ನೂ ದರಪಟ್ಟಿಯಿಂದ ಕೈಬಿಡುವುದು ನಮ್ಮ ವೃತ್ತಿಯಲ್ಲಿ ವಾಡಿಕೆಯಾಗುತ್ತಿದೆ. ಇದು ತಪ್ಪು ಎಂದು ವೃತ್ತಿಯ ಒಳಗಿನವನಾಗಿಯೇ ಹೇಳುತ್ತಿದ್ದೇನೆ.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಇಷ್ಟು ಚಿಂತೆ ಏಕೆ ಎಂದು ಕೆಲವರು ಕೇಳುತ್ತಾರೆ. ಆಸ್ಪತ್ರೆಯ ಎಕ್ಸ್‌ರೇ ಕೋಣೆ, ನೆಲಮಾಳಿಗೆ, ತೀವ್ರ ನಿಗಾ ಘಟಕಗಳಲ್ಲಿ ಮೊಬೈಲ್ ಸಂಕೇತ ಸಿಗುವುದು ಕಷ್ಟ. ಪಾಳಿ ಬದಲಾದಂತೆ ಸಿಸ್ಟರ್ ಬದಲಾಗುತ್ತಾರೆ, ಅವರ ಸ್ವಂತ ನಂಬರು ಪಕ್ಕದ ವಾರ್ಡಿಗೂ ಗೊತ್ತಿರುವುದಿಲ್ಲ. ಮಳವಳ್ಳಿಯಿಂದಲೋ ನಾಗಮಂಗಲದಿಂದಲೋ ರಾತ್ರಿ ಕರೆ ಮಾಡುವ ಮನೆಯವರ ಬಳಿ ಇರುವುದು ಚೀಟಿಯ ಮೇಲೆ ಅಚ್ಚಾದ ಆಸ್ಪತ್ರೆಯ ನಂಬರು ಮಾತ್ರ. ವಿದ್ಯುತ್ತು ಬಹಳ ಹೊತ್ತು ಬಾರದಿದ್ದರೆ ಮೊಬೈಲ್ ಗೋಪುರದ ಬ್ಯಾಟರಿಯೂ ಕೈಕೊಡುತ್ತದೆ.

ಕಾನೂನಿನ ಕಡೆಯಿಂದಲೂ ಇದನ್ನು ನೋಡಬೇಕು. 2002ರ ಏಪ್ರಿಲ್‌ನಲ್ಲಿ ಇಂಟರ್ನೆಟ್ ದೂರವಾಣಿಗೆ ನಮ್ಮ ದೇಶದಲ್ಲಿ ಅನುಮತಿ ಸಿಕ್ಕಾಗ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮತ್ತು ಕಂಪ್ಯೂಟರಿನಿಂದ ವಿದೇಶದ ಫೋನಿಗೆ ಮಾತ್ರ ಕರೆ ಮಾಡಬಹುದಿತ್ತು, ದೇಶದೊಳಗಿನ ಲ್ಯಾಂಡ್‌ಲೈನ್ ಮೊಬೈಲುಗಳಿಗೆ ಅವಕಾಶವಿರಲಿಲ್ಲ. 2018ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆ ಪರವಾನಗಿಯ ಷರತ್ತುಗಳನ್ನು ತಿದ್ದಿದ ಮೇಲೆ ಸಾಮಾನ್ಯ ಫೋನ್ ನಂಬರಿನೊಂದಿಗೆ ಇಂಟರ್ನೆಟ್ ಕರೆ ನೀಡುವುದು ಸಾಧ್ಯವಾಯಿತು, ಮರು ತಿಂಗಳೇ ಬಿಎಸ್‌ಎನ್‌ಎಲ್ ‘ವಿಂಗ್ಸ್’ ಎಂಬ ಸೇವೆಯನ್ನು ಪ್ರಕಟಿಸಿತು. ಕಾಲ್ ಸೆಂಟರುಗಳ ಮೇಲಿದ್ದ ನೋಂದಣಿಯ ನಿರ್ಬಂಧ 2020ರ ನವೆಂಬರ್‌ನಲ್ಲಿ ತೆರವಾಯಿತು. 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಬಾಗಿಲು ತೆರೆದದ್ದು ಒಳ್ಳೆಯದೇ. ಆದರೆ ಈ ದಾರಿಗೆ ಬುನಾದಿಯಾದ, 2017ರ ಅಕ್ಟೋಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ನೀಡಿದ ಶಿಫಾರಸಿನಲ್ಲಿ ಜನಸಾಮಾನ್ಯರು ಗಮನಿಸದ ಒಂದು ಮಾತಿದೆ. ಇಂಟರ್ನೆಟ್ ದೂರವಾಣಿ ನೀಡುವವರು ಕರೆ ಮಾಡಿದವರ ಸ್ಥಳ ಸಹಿತ ತುರ್ತು ಕರೆಯ ಸೌಲಭ್ಯ ಒದಗಿಸುವಂತೆ ಉತ್ತೇಜಿಸಬಹುದು, ಸದ್ಯಕ್ಕೆ ಅದನ್ನು ಕಡ್ಡಾಯಗೊಳಿಸುವುದು ಬೇಡ, ಈ ಮಿತಿಯನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು ಎಂಬುದು ಅದರ ಸಾರ. ತಾಮ್ರದ ತಂತಿ ಯಾವ ಮನೆಗೆ ಹೋಗಿದೆ ಎಂಬುದು ಎಕ್ಸ್‌ಚೇಂಜಿಗೆ ಗೊತ್ತಿರುತ್ತಿತ್ತು. ಇಂಟರ್ನೆಟ್ ಫೋನನ್ನು ಕುವೆಂಪುನಗರದಿಂದ ಕಿತ್ತು ಪಾಂಡವಪುರದಲ್ಲಿ ಸಿಕ್ಕಿಸಿದರೂ ಅದೇ ನಂಬರಿನಲ್ಲಿ ನಡೆಯಬಲ್ಲದು, ಆದ್ದರಿಂದ ತುರ್ತು ಸಹಾಯದ 112ಕ್ಕೆ ಕರೆ ಮಾಡಿದವರು ಎಲ್ಲಿದ್ದಾರೆ ಎಂದು ಖಚಿತವಾಗಿ ಹೇಳುವುದು ಕಷ್ಟ. ಈ ಮಿತಿಯನ್ನು ಗ್ರಾಹಕರಿಗೆ ವಿವರಿಸಿ ಹೇಳಿದ ಮಾರಾಟಗಾರರನ್ನು ನಾನು ನಮ್ಮ ಭಾಗದಲ್ಲಿ ಇನ್ನೂ ಕಂಡಿಲ್ಲ.

ಧ್ವನಿ ತುಂಡು ತುಂಡಾಗಿ ಕೇಳುತ್ತದೆ ಎಂಬ ದೂರು ಬಂದಾಗ ಇಂಟರ್ನೆಟ್ ವೇಗ ಹೆಚ್ಚಿಸಿಕೊಳ್ಳಿ ಎಂದು ಹೇಳಿ ದುಬಾರಿ ಪ್ಲಾನ್ ಮಾರುವುದೂ ನಡೆಯುತ್ತಿದೆ. ಇಂಟರ್ನೆಟ್ ಫೋನು ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಸೆಕೆಂಡಿಗೆ 50 ತುಣುಕುಗಳನ್ನು ಕಳುಹಿಸುತ್ತದೆ. ಲ್ಯಾಂಡ್‌ಲೈನಿನಷ್ಟೇ ಗುಣಮಟ್ಟದ ಒಂದು ಕರೆಗೆ, ವಿಳಾಸದ ಭಾಗವೂ ಸೇರಿ, ಒಂದೊಂದು ದಿಕ್ಕಿನಲ್ಲಿ ಬೇಕಾಗುವುದು ಸೆಕೆಂಡಿಗೆ ಸುಮಾರು 80ರಿಂದ 90 ಕಿಲೋಬಿಟ್. ಹತ್ತು ಕರೆಗಳು ಒಟ್ಟಿಗೆ ನಡೆದರೂ ಒಂದು ಮೆಗಾಬಿಟ್ ದಾಟುವುದಿಲ್ಲ. ತೊಂದರೆ ಇರುವುದು ವೇಗದಲ್ಲಿ ಅಲ್ಲ, ಸರದಿಯಲ್ಲಿ. ಸಿಸಿಟಿವಿ ಕ್ಯಾಮೆರಾಗಳ ಚಿತ್ರ, ಕಂಪ್ಯೂಟರಿನ ಬ್ಯಾಕಪ್ ಒಂದೇ ಸಮನೆ ಹೊರಗೆ ಹೋಗುತ್ತಿರುವಾಗ ಮಾತಿನ ಸಣ್ಣ ತುಣುಕು, ಮಂಡ್ಯದ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಟ್ರಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡ ಸೈಕಲ್ಲಿನಂತಾಗುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾತು ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿ. ಫೋನಿನ ತುಣುಕುಗಳಿಗೆ ಮೊದಲು ದಾರಿ ಬಿಡುವಂತೆ ಸ್ವಿಚ್ ಮತ್ತು ರೂಟರಿನಲ್ಲಿ ವ್ಯವಸ್ಥೆ ಮಾಡುವುದಕ್ಕೆ ಹೆಚ್ಚುವರಿ ಹಣವೇನೂ ಬೇಡ, ಬಲ್ಲವರು ಕುಳಿತು ಮಾಡಬೇಕಷ್ಟೆ.

ನಂಬರಿನ ವಿಷಯದಲ್ಲೂ ಎಚ್ಚರ ಬೇಕು. ಮೊಬೈಲ್ ನಂಬರನ್ನು ಉಳಿಸಿಕೊಂಡೇ ಕಂಪನಿ ಬದಲಾಯಿಸುವ ಸೌಲಭ್ಯ ದೇಶದಾದ್ಯಂತ 2011ರ ಜನವರಿಯಿಂದ ಇದೆ, ಲ್ಯಾಂಡ್‌ಲೈನ್ ನಂಬರಿಗೆ ಅಂಥ ಸೌಲಭ್ಯ ಬಂದಿಲ್ಲ. ಬಿಎಸ್‌ಎನ್‌ಎಲ್‌ನ ತಾಮ್ರದ ಲೈನನ್ನು ಅದೇ ಸಂಸ್ಥೆಯ ಫೈಬರ್‌ಗೆ ಬದಲಾಯಿಸಿಕೊಂಡರೆ ಮೈಸೂರಿನ 0821 ಅಥವಾ ಮಂಡ್ಯದ 08232ರ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಇದನ್ನು ತಿಳಿಯದೆ ತಲೆಮಾರುಗಳಿಂದ ಜನರ ಬಾಯಲ್ಲಿದ್ದ ನಂಬರನ್ನು ಒಪ್ಪಿಸಿ, ಮಧ್ಯವರ್ತಿಯ ಹೆಸರಿನಲ್ಲಿರುವ ಹೊಸ ನಂಬರು ಪಡೆದವರಿದ್ದಾರೆ. ಆ ಮಧ್ಯವರ್ತಿ ವ್ಯವಹಾರ ನಿಲ್ಲಿಸಿದ ದಿನ ನಂಬರೂ ನಿಲ್ಲುತ್ತದೆ. ಬೆಲ್ಲದ ಮಂಡಿಯ ವರ್ತಕರೊಬ್ಬರು ಹೀಗೆ ನಂಬರು ಕಳೆದುಕೊಂಡು, ಹೊರ ರಾಜ್ಯದ ಖರೀದಿದಾರರಿಗೆಲ್ಲ ಮತ್ತೆ ಪತ್ರ ಬರೆಯಬೇಕಾದದ್ದನ್ನು ಬಲ್ಲೆ. ನಂಬರು ಸಂಸ್ಥೆಯ ಹೆಸರಿನಲ್ಲೇ ಇರಬೇಕು, ವ್ಯವಸ್ಥೆಯ ಮುಖ್ಯ ಪಾಸ್‌ವರ್ಡು ಸಂಸ್ಥೆಯ ಕೈಯಲ್ಲಿರಬೇಕು. 101ನೇ ಎಕ್ಸ್‌ಟೆನ್ಷನ್ನಿಗೆ 101 ಎಂದೇ ಪಾಸ್‌ವರ್ಡು ಇಟ್ಟು ಹೋಗುವವರೂ ಇದ್ದಾರೆ. ಇಂಥವನ್ನೇ ಹುಡುಕುತ್ತ ಇಂಟರ್ನೆಟ್ಟಿನಲ್ಲಿ ಹಗಲಿರುಳು ಅಲೆಯುವ ವಂಚಕರ ತಂತ್ರಾಂಶಗಳು ಒಳನುಗ್ಗಿದರೆ ರಾತ್ರೋರಾತ್ರಿ ವಿದೇಶಕ್ಕೆ ದುಬಾರಿ ಕರೆಗಳು ಹೋಗುತ್ತವೆ. ಐಎಸ್‌ಡಿ ಅಗತ್ಯವಿಲ್ಲದ ಕಡೆ ಅದಕ್ಕೆ ಬೀಗ ಹಾಕಿಸುವುದು ಕ್ಷೇಮ.

ಇನ್ನು ಕರೆ ಎತ್ತುವ ಯಂತ್ರದ ಧ್ವನಿ. ಮಂಡ್ಯದ ಸಂಸ್ಥೆಯೊಂದಕ್ಕೆ ಮಂಡ್ಯದ ರೈತ ಕರೆ ಮಾಡಿದಾಗ ಮೊದಲು ಇಂಗ್ಲಿಷ್, ಆಮೇಲೆ ಹಿಂದಿ, ಕೊನೆಗೆ ಕನ್ನಡ ಕೇಳಬೇಕಾಗಿ ಬರುವುದು ಸಲ್ಲದು. ಕನ್ನಡದ ಧ್ವನಿಯನ್ನು ಮೊದಲು ಇಡುವುದು ಕೆಲವೇ ನಿಮಿಷದ ಕೆಲಸ. ಯಾವ ಗುಂಡಿಯನ್ನೂ ಒತ್ತದೆ ಸುಮ್ಮನೆ ಕಾಯುವವರ ಕರೆ ತಾನಾಗಿಯೇ ಮನುಷ್ಯರಿರುವ ಮೇಜಿಗೆ ಹೋಗಿ ಸೇರುವಂತೆಯೂ ಮಾಡಬಹುದು. ವಯಸ್ಸಾದವರಿಗೆ ಇದು ದೊಡ್ಡ ಉಪಕಾರ.

ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ 1986ರಲ್ಲಿ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ ಆರಂಭವಾಯಿತು. 128 ಲೈನಿನ ಆ ಯಂತ್ರವನ್ನು ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ, ಹಳ್ಳಿಯ ಬಿಸಿಲು ಧೂಳಿನ ನಡುವೆ ನಡೆಯುವಂತೆ ರೂಪಿಸಲಾಗಿತ್ತು. ಯಂತ್ರ ಎಲ್ಲಿ ಕೂರುತ್ತದೋ ಆ ಊರಿನ ಸ್ಥಿತಿಯನ್ನು ಮೊದಲು ಯೋಚಿಸಿ ಆಮೇಲೆ ಯಂತ್ರವನ್ನು ಕಟ್ಟಿದ ಎಂಜಿನಿಯರುಗಳ ಆ ವಿವೇಕದ ಮೇಲೆ ನನಗೆ ಅಪಾರ ಗೌರವವಿದೆ. ಇಂದು ನಾವು ಕೊಳ್ಳುತ್ತಿರುವ ಪೆಟ್ಟಿಗೆಗಳು ವಿದ್ಯುತ್ತು ಸದಾ ಇರುತ್ತದೆ ಎಂಬ ನಂಬಿಕೆಯ ಮೇಲೆ ತಯಾರಾದವು. ಆ ಕೊರತೆಯನ್ನು ಇಲ್ಲಿ ಜೋಡಿಸುವ ನಾವು, ಮತ್ತು ಕೊಳ್ಳುವ ಸಂಸ್ಥೆಗಳು, ಸೇರಿ ತುಂಬಬೇಕು.

ಆದ್ದರಿಂದ ಎರಡೂ ಜಿಲ್ಲಾಡಳಿತಗಳಲ್ಲಿ, ಆರೋಗ್ಯ ಇಲಾಖೆಯಲ್ಲಿ, ನಗರಪಾಲಿಕೆ ಮತ್ತು ನಗರಸಭೆಗಳಲ್ಲಿ ನನ್ನ ವಿನಂತಿ ಇಷ್ಟು. ದೂರವಾಣಿಯ ಟೆಂಡರಿನಲ್ಲಿ ಬ್ಯಾಟರಿ ಎಷ್ಟು ಗಂಟೆ ನಡೆಯಬೇಕು ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ, ಆಸ್ಪತ್ರೆಗಳಿಗೆ ಆರು ಗಂಟೆಗಿಂತ ಕಡಿಮೆ ಬೇಡ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಈ ವ್ಯವಸ್ಥೆಗೆ ಸೇರದ ಒಂದು ಪ್ರತ್ಯೇಕ ಫೋನು ಇರಲಿ, ತಾಮ್ರದ ಲೈನು ಸಿಗದಿದ್ದರೆ ಸಿಮ್ ಹಾಕಿ ಬಳಸುವ ಮೇಜಿನ ಫೋನಾದರೂ ಆದೀತು. ಲಿಫ್ಟಿನೊಳಗಿನ ಫೋನು ಯಾವ ಲೈನಿನಲ್ಲಿದೆ ಎಂದು ಒಮ್ಮೆ ವಿಚಾರಿಸಿ, ಹಳೆಯ ಲೈನು ಕಡಿದಾಗ ಅದು ಸತ್ತಿರುವುದು ಎಷ್ಟೋ ಕಡೆ ಯಾರಿಗೂ ತಿಳಿದಿರುವುದಿಲ್ಲ. ಖಾಸಗಿ ನರ್ಸಿಂಗ್ ಹೋಮ್‌ಗಳವರೂ ಇದನ್ನು ತಮಗೇ ಹೇಳಿದ್ದೆಂದು ಭಾವಿಸಬೇಕಾಗಿ ಕೋರುತ್ತೇನೆ.

ಜೋಡಿಸಿದವರಿಗೆ ಕೊನೆಯ ಕಂತಿನ ಹಣ ಕೊಡುವ ಮುನ್ನ, ಅವರ ಎದುರಿಗೇ, ನೆಟ್‌ವರ್ಕ್ ಬೀರುವಿನ ಮುಖ್ಯ ವಿದ್ಯುತ್ತನ್ನು ಆರಿಸಿ ಪ್ರತಿ ಮಹಡಿಯಿಂದಲೂ ಒಂದು ಒಳಕರೆ, ಒಂದು ಹೊರಕರೆ ಮಾಡಿ ನೋಡಿ, ಹೊರಗಿನಿಂದಲೂ ಒಂದು ಕರೆ ಮಾಡಿಸಿ. ಬ್ಯಾಟರಿಗೆ ವಯಸ್ಸಾಗುವುದರಿಂದ ಈ ಪರೀಕ್ಷೆಯನ್ನು ಮೂರು ತಿಂಗಳಿಗೊಮ್ಮೆಯಾದರೂ ಮತ್ತೆ ಮಾಡಬೇಕು. ಅದಕ್ಕಾಗಿ ಬೇರೆ ದಿನ ಹುಡುಕಬೇಕಾಗಿಲ್ಲ. ವಿದ್ಯುತ್ ಸರಬರಾಜು ನಿಗಮವಾದ ಸೆಸ್ಕ್‌ನವರು ನಿರ್ವಹಣೆ ಕಾಮಗಾರಿಯ ದಿನ ಯಾವ ಬಡಾವಣೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ವಿದ್ಯುತ್ ವ್ಯತ್ಯಯ ಎಂದು ಪತ್ರಿಕೆಗಳಲ್ಲಿ ಮೊದಲೇ ಪ್ರಕಟಿಸುತ್ತಾರೆ. ತಮ್ಮ ಬಡಾವಣೆಯ ಹೆಸರು ಬಂದ ದಿನ ಸಂಸ್ಥೆಯ ಒಬ್ಬರು ಗಡಿಯಾರ ನೋಡಿಕೊಂಡು, ಜನರೇಟರ್ ಲೈನನ್ನು ಬೀರುವಿಗೆ ಕೊಡದೆ, ಫೋನು ಎಷ್ಟು ಹೊತ್ತು ನಡೆಯಿತೆಂದು ಬರೆದಿಟ್ಟುಕೊಂಡರೆ ಬ್ಯಾಟರಿ ಯಾವಾಗ ಬದಲಾಯಿಸಬೇಕೆಂಬುದು ತಾನಾಗಿ ತಿಳಿಯುತ್ತದೆ.

ಇತಿ ತಮ್ಮ ವಿಶ್ವಾಸಿ,
ದೂರವಾಣಿ ಜೋಡಣೆಯ ಕೆಲಸಗಾರ
ಅಗ್ರಹಾರ, ಮೈಸೂರು